ರಿಲೇ ಫೋನ್ ಬಂದ್ರೆ ಕಟ್ ಮಾಡ್ಬೇಡಿ: ಕಿವಿ ಕೇಳದವರ ಜೊತೆ ಫೋನಲ್ಲಿ ಮಾತಾಡೋದು ಹೇಗೆ

ನಮ್ದು ಶಿರಸಿಯಿಂದ ಯಾಣಕ್ಕೆ ಹೋಗೋ ದಾರೀಲಿ, ತೋಟದ ಪಕ್ಕ ಒಂದು ಸಣ್ಣ ಹೋಂಸ್ಟೇ. ಮೂರೇ ರೂಮು, ಅಡುಗೆ ಮನೆಯವರದ್ದೇ, ಫೋನ್ ಎತ್ತೋದು ನಾನು. ಎರಡು ವರ್ಷದ ಹಿಂದೆ ದೀಪಾವಳಿ ಕಳೆದ ವಾರ ರಾತ್ರಿ ಎಂಟೂವರೆ ಸುಮಾರಿಗೆ ಅಮೆರಿಕದ ನಂಬರಿನಿಂದ ಫೋನ್ ಬಂತು. ಎತ್ತಿದ್ರೆ ಒಬ್ಬ ಹೆಂಗಸಿನ ಧ್ವನಿ, ಇಂಗ್ಲಿಷಲ್ಲಿ, ನಾನು ಇಂಟರ್ಪ್ರಿಟರ್, ನನ್ನ ನಂಬರ್ ಇಷ್ಟು, ವಿಡಿಯೊ ರಿಲೇ ಕಾಲ್ ಅಂತ ಒಂದೇ ಉಸಿರಿಗೆ ಏನೋ ಹೇಳಿ ಸುಮ್ಮನಾದ್ರು. ಆಮೇಲೆ ನಾಲ್ಕೈದು ಸೆಕೆಂಡ್ ಏನೂ ಇಲ್ಲ. ದಿನಾ ಪೇಪರಲ್ಲಿ ಡಿಜಿಟಲ್ ಅರೆಸ್ಟು, ಲಾಟರಿ, ಅಕೌಂಟ್ ಖಾಲಿ ಆಯ್ತು ಅಂತ ಓದೋ ಕಾಲ, ಇದೂ ಅದೇ ಪೈಕಿ ಅಂದ್ಕೊಂಡು ಕಟ್ ಮಾಡಿದೆ. ಎರಡು ನಿಮಿಷಕ್ಕೆ ಮತ್ತೆ ಬಂತು, ಮತ್ತೆ ಕಟ್ ಮಾಡಿದೆ.

ಮರುದಿನ ಬೆಳಿಗ್ಗೆ ಮೇಲ್ ಬಂದಿತ್ತು. ನಾನು ಡೆಫ್, ನಿನ್ನೆ ಎರಡು ಸಲ ಫೋನ್ ಮಾಡಿದ್ದೆ, ಎರಡು ಸಲವೂ ಕಟ್ ಆಯ್ತು, ಡಿಸೆಂಬರಲ್ಲಿ ನಾಲ್ಕು ದಿನಕ್ಕೆ ರೂಮ್ ಇದ್ಯಾ. ಅಷ್ಟೇ ಬರೆದಿದ್ರು. ಬೈದಿರಲಿಲ್ಲ, ಬೇಜಾರೂ ತೋರಿಸಿರಲಿಲ್ಲ, ಅದೇ ನನಗೆ ಜಾಸ್ತಿ ಚುಚ್ಚಿತು, ಯಾಕಂದ್ರೆ ಇದು ಅವರಿಗೆ ರೂಢಿ ಆಗಿಹೋಗಿದೆ ಅಂತ ಆ ಎರಡು ಸಾಲಲ್ಲೇ ಗೊತ್ತಾಗ್ತಿತ್ತು.

ಡಿಸೆಂಬರಲ್ಲಿ ಗಂಡ ಹೆಂಡತಿ ಬಂದ್ರು. ಗಂಡನಿಗೆ ಕಿವಿ ಕೇಳತ್ತೆ, ಹೆಂಡತಿಗೆ ಹುಟ್ಟಿನಿಂದ ಇಲ್ಲ. ಒಂದಿನ ರಾತ್ರಿ ಊಟ ಆದ್ಮೇಲೆ ಜಗಲಿ ಮೇಲೆ ಕೂತು ಆಕೆ ತಮ್ಮ ಊರಿನ ಬ್ಯಾಂಕಿಗೆ ಫೋನ್ ಮಾಡೋದಿತ್ತು, ನೋಡ್ತೀರಾ ಅಂತ ನನ್ನನ್ನೂ ಕರೆದ್ರು. ಲ್ಯಾಪ್‌ಟಾಪಲ್ಲಿ ಇಂಟರ್ಪ್ರಿಟರ್ ಮುಖ (ಆಕೆಯ ಕೈಸನ್ನೆಯನ್ನ ಮಾತಾಗಿ, ಆ ಕಡೆಯ ಮಾತನ್ನ ಕೈಸನ್ನೆಯಾಗಿ ದಾಟಿಸೋರು), ತಲೆಗೆ ಹೆಡ್‌ಫೋನು, ಹಿಂದೆ ಬರೀ ನೀಲಿ ಗೋಡೆ. ಫೋನ್ ರಿಂಗ್ ಆಗ್ತಿರೋದನ್ನೂ ಇಂಟರ್ಪ್ರಿಟರ್ ಕೈಯಲ್ಲೇ ತೋರಿಸ್ತಾರೆ, ಎತ್ತಿದವರು ಗಂಡಸಾ ಹೆಂಗಸಾ, ಹಿಂದೆ ಯಾರೋ ನಗ್ತಿದಾರಾ, ಎಲ್ಲಾ ತೋರಿಸ್ತಾರೆ. ಬ್ಯಾಂಕಿನವನು ಎತ್ತಿದವನೇ "ಅವಳಿಗೆ ಹೇಳಿ" ಅಂತ ಶುರು ಮಾಡಿದ. ಆಕೆ ನನ್ನ ಕಡೆ ತಿರುಗಿ ನೋಟ್‌ಬುಕ್ಕಲ್ಲಿ ಒಂದು ಸಾಲು ಬರೆದ್ರು, ನಾನು ಇಲ್ಲೇ ಇದೀನಿ, ಆದ್ರೂ ನನ್ನ ಬಗ್ಗೆ ಮಾತಾಡ್ತಾರೆ ಅಂತ. ಆ ಹಾಳೆ ಈಗಲೂ ನನ್ನ ಹತ್ರ ಇದೆ.

ಅವತ್ತಿನಿಂದ ಇದರ ಬಗ್ಗೆ ಓದಿದ್ದು, ಕೇಳಿ ತಿಳ್ಕೊಂಡಿದ್ದು, ನಮ್ಮ ಫೋನಲ್ಲಿ ನಾನೇ ಮಾಡಿ ನೋಡಿದ್ದು ಎಲ್ಲಾ ಸೇರಿಸಿ ಬರೀತಿದೀನಿ. ಹೋಂಸ್ಟೇ, ಕ್ಲಿನಿಕ್ಕು, ಲ್ಯಾಬು, ಸೊಸೈಟಿ, ಅಡಕೆ ಮಂಡಿ, ಗ್ಯಾಸ್ ಏಜೆನ್ಸಿ, ಬಸ್ ಬುಕಿಂಗು, ಎಲ್ಲೇ ಇರಲಿ, ಫೋನ್ ಎತ್ತೋ ಕೆಲಸ ಇರೋರಿಗೆಲ್ಲ ಇದು.

ರಿಲೇ ಅಂದ್ರೆ ಎಂತ

ಫೋನನ್ನ ಮಾಡಿದ ಗ್ರಹಾಂ ಬೆಲ್ ತಾಯಿಗೆ ಕಿವಿ ಸರಿಯಾಗಿ ಕೇಳ್ತಿರಲಿಲ್ಲ, ಹೆಂಡತಿ ಮೇಬಲ್‌ಗೆ ಪೂರ್ತಿ ಕೇಳ್ತಿರಲಿಲ್ಲ. 1876ರಲ್ಲಿ ಅವನು ಪೇಟೆಂಟ್ ಪಡೆದ ಯಂತ್ರ ಜಗತ್ತನ್ನೆಲ್ಲ ಜೋಡಿಸ್ತು, ಅವನ ಮನೆಯವರಂಥ ಜನರನ್ನೇ ಹೊರಗಿಡ್ತು. 1964ರಲ್ಲಿ ರಾಬರ್ಟ್ ವೈಟ್‌ಬ್ರೆಕ್ಟ್ ಅನ್ನೋ ಅಮೆರಿಕದ ವಿಜ್ಞಾನಿ, ಅವರೂ ಡೆಫ್ಫೇ, ಹಳೇ ಟೆಲಿಟೈಪ್ ಯಂತ್ರವನ್ನ ಫೋನಿನ ರಿಸೀವರಿಗೆ ಜೋಡಿಸೋ ಸಾಧನ ಮಾಡಿದ್ರು, ಆಗ ಎರಡೂ ಕಡೆ ಆ ಯಂತ್ರ ಇದ್ರೆ ಟೈಪ್ ಮಾಡಿ ಮಾತಾಡೋಕಾಯ್ತು. ಆದ್ರೆ ಡಾಕ್ಟರ ಹತ್ರ, ಅಂಗಡಿಯವನ ಹತ್ರ ಯಂತ್ರ ಎಲ್ಲಿರತ್ತೆ? ಅದಕ್ಕೇ ನಡುವೆ ಒಬ್ಬ ಆಪರೇಟರ್ ಕೂತು ಒಂದು ಕಡೆಯ ಅಕ್ಷರವನ್ನ ಇನ್ನೊಂದು ಕಡೆಗೆ ಮಾತಾಗಿ, ಮಾತನ್ನ ಅಕ್ಷರವಾಗಿ ದಾಟಿಸೋ ವ್ಯವಸ್ಥೆ ಬಂತು. ಅದೇ ರಿಲೇ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆ ಇದನ್ನ ದೇಶದ ತುಂಬಾ ಇರಲೇಬೇಕು ಅಂತ ಮಾಡ್ತು, 2001ರಿಂದ ಅಲ್ಲಿ 711 ಒತ್ತಿದ್ರೆ ಸಾಕು ರಿಲೇ ಸಿಗತ್ತೆ. ಬ್ರಿಟನ್ನು, ಆಸ್ಟ್ರೇಲಿಯದಲ್ಲೂ ಇದೆ.

ಈಗ ಮುಖ್ಯವಾಗಿ ಮೂರು ಥರ ಬರತ್ತೆ. ಒಂದು, ಅವರು ಟೈಪ್ ಮಾಡ್ತಾರೆ, ಆಪರೇಟರ್ ನಿಮಗೆ ಓದಿ ಹೇಳ್ತಾರೆ. ಇನ್ನೊಂದು ವಿಡಿಯೊ ರಿಲೇ, ಅವರು ಕೈಸನ್ನೆಯ ಭಾಷೇಲಿ, ಅಂದ್ರೆ ಸಂಜ್ಞಾ ಭಾಷೇಲಿ ಹೇಳ್ತಾರೆ, ಇಂಟರ್ಪ್ರಿಟರ್ ಬಾಯಲ್ಲಿ ಹೇಳ್ತಾರೆ. ಮೂರನೇದರಲ್ಲಿ ಅವರು ತಮ್ಮ ಧ್ವನೀಲೇ ಮಾತಾಡ್ತಾರೆ, ನಿಮ್ಮ ಮಾತು ಮಾತ್ರ ಅವರಿಗೆ ಅಕ್ಷರ ಆಗಿ ಕಾಣತ್ತೆ. ವಯಸ್ಸಾದ್ಮೇಲೆ ಕಿವಿ ಹೋದವರು ಹೆಚ್ಚಾಗಿ ಈ ಮೂರನೇದನ್ನೇ ಬಳಸೋದು, ಇದ್ರಲ್ಲಿ ನಿಮಗೆ ನಡುವೆ ಯಾರೂ ಇರೋದೇ ಗೊತ್ತಾಗಲ್ಲ, ಉತ್ತರ ಬರೋದು ಸ್ವಲ್ಪ ತಡ ಅಷ್ಟೇ.

ನಮ್ಮ ದೇಶದಲ್ಲಿ ದೆಹಲೀಲಿ 2015ರಲ್ಲಿ ಭಾರತೀಯ ಸಂಜ್ಞಾ ಭಾಷೆಯ ಸಂಶೋಧನೆ ಮತ್ತು ತರಬೇತಿಗೆ ಅಂತಲೇ ಒಂದು ಕೇಂದ್ರ ಆಯ್ತು, ಅವರು ಮಾಡಿದ ಸಂಜ್ಞೆಗಳ ನಿಘಂಟು 10,000 ಪದಕ್ಕೆ ಮುಟ್ಟಿದೆ. ವಿಡಿಯೊ ರಿಲೇ ನಮ್ಮಲ್ಲಿ ಈಗೀಗ ಕಣ್ಣು ಬಿಡ್ತಾ ಇದೆ. 2011ರ ಜನಗಣತಿ ಪ್ರಕಾರ ದೇಶದಲ್ಲಿ ಶ್ರವಣದೋಷ ಇರೋರು 50 ಲಕ್ಷಕ್ಕೂ ಮೇಲೆ, ಹಾಗಾಗಿ ಇಂಥ ಫೋನು ಕಾರವಾರಕ್ಕೂ ಬರತ್ತೆ, ಕುಮಟೆಗೂ ಬರತ್ತೆ, ಗೋಕರ್ಣದ ಬೀಚ್ ಕಡೆಯವರಿಗಂತೂ ಹೊರದೇಶದಿಂದಲೇ ಬರತ್ತೆ.

ಮೊದಲ ಹತ್ತು ಸೆಕೆಂಡ್

ಇಲ್ಲೇ ಮುಕ್ಕಾಲು ಪಾಲು ಜನ ತಪ್ಪೋದು. ಫೋನ್ ಎತ್ತಿ ಹಲೋ ಅಂದಾಗ ಗುರುತಿಲ್ಲದ ಧ್ವನಿ ಬಂದು ರಿಲೇ, ಇಂಟರ್ಪ್ರಿಟರ್, ಡೆಫ್, ಕಿವಿ ಕೇಳಿಸದವರ ಪರವಾಗಿ, ಈ ಪೈಕಿ ಯಾವುದಾದ್ರೂ ಒಂದು ಪದ ಹೇಳಿದ್ರೆ ಅಲ್ಲೇ ನಿಲ್ಲಿ. ನಡುವೆ ಒಂದಷ್ಟು ಹೊತ್ತು ಮೌನ ಇರತ್ತೆ, ಕೀಬೋರ್ಡ್ ಟಕಟಕ ಕೇಳಬಹುದು. ಅದು ಮೋಸದ ಕಾಲ್ ಅಂತ ಅನ್ಸೋದು ಸಹಜ, ಅಮೆರಿಕದ ಸರ್ಕಾರಿ ಟೆಲಿಕಾಂ ಆಯೋಗವೇ ಇಂಥ ಕಾಲ್ ಬಂದ್ರೆ ದಯವಿಟ್ಟು ಕಟ್ ಮಾಡ್ಬೇಡಿ ಅಂತ ಜನರನ್ನ ಕೇಳ್ಕೊಳ್ಳೋ ಪರಿಸ್ಥಿತಿ ಇದೆ ಅಂದ್ರೆ ನೋಡಿ. "ಆಯ್ತು, ಹೇಳಿ, ನಾನು ಕೇಳ್ತಾ ಇದೀನಿ" ಅಂದ್ರೆ ಮುಗೀತು. ರಿಲೇ ಅಂದ್ರೆ ಏನು ಅಂತ ಗೊತ್ತಿಲ್ದಿದ್ರೆ ಕೇಳಿ, ಆಪರೇಟರ್ ಅರ್ಧ ನಿಮಿಷದಲ್ಲಿ ವಿವರಿಸ್ತಾರೆ, ಅದು ಅವರ ಕೆಲಸವೇ.

ಮೋಸದ ಭಯಕ್ಕೂ ಒಂದು ಹಿನ್ನೆಲೆ ಇದೆ. ಅಮೆರಿಕದಲ್ಲಿ ಇಂಟರ್ನೆಟ್ ಮೂಲಕ ಟೈಪ್ ಮಾಡೋ ರಿಲೇ ಬಂದ ಹೊಸದರಲ್ಲಿ ಕಳ್ಳರು ಅದನ್ನ ಹಿಡ್ಕೊಂಡು ಕದ್ದ ಕಾರ್ಡುಗಳಲ್ಲಿ ಅಂಗಡಿಗಳಿಗೆ ಆರ್ಡರ್ ಕೊಟ್ಟಿದ್ರು, ಅದರಿಂದ ಎಷ್ಟೋ ಅಂಗಡಿಯವರು ರಿಲೇ ಅಂದ್ರೇ ಕಟ್ ಮಾಡೋಕೆ ಶುರು ಮಾಡಿದ್ರು, ಆಮೇಲೆ ಬಳಸೋರು ಹೆಸರು ನೋಂದಾಯಿಸಲೇಬೇಕು ಅಂತ ನಿಯಮ ತಂದ್ರು. ಕಳ್ಳರು ಮಾಡಿದ್ದಕ್ಕೆ ಡೆಫ್ ಜನ ದಂಡ ಕಟ್ಟಿದ ಹಾಗಾಯ್ತು. ನೀವು ಬೇರೆ ಗ್ರಾಹಕರ ಹತ್ರ ಎಷ್ಟು ಎಚ್ಚರದಿಂದ ಇರ್ತೀರೋ ಇಲ್ಲೂ ಅಷ್ಟೇ ಇರಿ. ಅಡ್ವಾನ್ಸ್ ತಗೊಳ್ತೀರಾ, ತಗೊಳ್ಳಿ. ಐಡಿ ಕೇಳ್ತೀರಾ, ಕೇಳಿ. ಇವರಿಗೆ ಅಂತಲೇ ಹೊಸ ರೂಲ್ಸ್ ಮಾಡ್ಬೇಡಿ.

"ಅವರಿಗೆ ಹೇಳಿ" ಅನ್ನೋದನ್ನ ಬಿಟ್ಟುಬಿಡಿ

ನನಗೆ ಇಡೀ ಲೇಖನದಲ್ಲಿ ಒಂದೇ ವಿಷಯ ಹೇಳೋಕೆ ಬಿಟ್ರೆ ನಾನು ಇದನ್ನೇ ಹೇಳ್ತೀನಿ. ಫೋನ್ ಮಾಡಿದವರು ಡೆಫ್ ವ್ಯಕ್ತಿ, ಮಾತು ಅವರದ್ದು, ನಡುವಿನವರು ಬರೀ ತಂತಿ ಇದ್ದ ಹಾಗೆ. "ರೂಮು ಖಾಲಿ ಇದೆ ಅಂತ ಅವರಿಗೆ ಹೇಳಿ", "ಅವರು ಯಾವಾಗ ಬರ್ತಾರಂತೆ ಕೇಳಿ", ಈ ಥರ ಮಾತಾಡಿದ್ರೆ ಆಪರೇಟರ್ ಅದನ್ನ ಹಾಗೇ ದಾಟಿಸ್ತಾರೆ, ಪರದೆ ಮೇಲೆ ಅವರಿಗೆ ಕಾಣೋದು "ಅವರಿಗೆ ಹೇಳಿ" ಅಂತಲೇ. ಎದುರಿಗೆ ಕೂತವರನ್ನ ಬಿಟ್ಟು ಪಕ್ಕದವರ ಹತ್ರ ಇವರಿಗೆ ಊಟ ಆಯ್ತಾ ಅಂತ ಕೇಳಿದ್ರೆ ಹೆಂಗಿರತ್ತೆ, ಹಂಗೇ.

"ರೂಮು ಇದೆ, ನೀವು ಯಾವಾಗ ಬರ್ತೀರಿ?" ಅಂತ ನೇರ ಕೇಳಿ. ಆಪರೇಟರ್ "ನಾನು ಐದನೇ ತಾರೀಕು ಬರ್ತೀನಿ" ಅಂದ್ರೆ ಆ ನಾನು ಅಂದ್ರೆ ಡೆಫ್ ವ್ಯಕ್ತಿ. ಮೊದಮೊದಲು ತಲೆ ತಿರುಗತ್ತೆ, ಗಂಡಸಿನ ಬುಕಿಂಗು ಹೆಂಗಸಿನ ಧ್ವನೀಲಿ ಬರ್ತಿರತ್ತೆ. ಇಲ್ಲಿ ನಮ್ಮ ಕನ್ನಡ ನಮ್ಮ ಕೈ ಹಿಡಿಯತ್ತೆ, ಬರ್ತೀನಿ, ಬರ್ತೀರಿ ಅನ್ನೋದಕ್ಕೆ ಗಂಡು ಹೆಣ್ಣು ಅಂತ ಇಲ್ಲ, ಹಾಗಾಗಿ ನೀವು ಅಂತ ಮಾತಾಡ್ತಾ ಹೋದ್ರೆ ಎಲ್ಲೂ ಎಡವಲ್ಲ. ಎಡವೋದು ಸರ್, ಮೇಡಂ ಅನ್ನೋದ್ರಲ್ಲಿ. ಕೇಳ್ತಿರೋ ಧ್ವನಿ ಆಪರೇಟರ್ ದು, ಅದನ್ನ ನಂಬಿ ಮೇಡಂ ಅಂದುಬಿಟ್ರೆ ಆ ಕಡೆ ಇರೋರು ಅರವತ್ತು ವರ್ಷದ ಅಜ್ಜ ಆಗಿರಬಹುದು. ಮೊದಲು ಹೆಸರು ಕೇಳ್ಕೊಳ್ಳಿ.

ಇಂಟರ್ಪ್ರಿಟರ್ ಹತ್ರ ಹರಟೆ ಹೊಡೆಯೋಕೂ ಹೋಗ್ಬೇಡಿ. ನಮ್ಮ ಕಡೆಯವರಿಗೆ ಅದು ಪ್ರೀತಿಯ ಅಭ್ಯಾಸ, ಆಸ್ರಿಗೆ ಆಯ್ತಾ, ಯಾವೂರು, ಮಳೆ ಹೆಂಗೆ ಅಂತ ಕೇಳದೆ ನಮಗೆ ಫೋನ್ ಇಡೋಕೆ ಆಗಲ್ಲ. ಕೇಳಿ, ಆದ್ರೆ ಫೋನ್ ಮಾಡಿದವರನ್ನ ಕೇಳಿ. "ಪಾಪ ಇವ್ರು ಹುಟ್ಟಿನಿಂದ್ಲೇ ಹಿಂಗಾ?" ಅಂತ ಇಂಟರ್ಪ್ರಿಟರ್ ನ ಮೆಲ್ಲಗೆ ಕೇಳಿದ್ರೂ ಅದು ಆ ಕಡೆ ಪೂರ್ತಿ ಹೋಗತ್ತೆ, ಮೆಲ್ಲಗೆ ಕೇಳಿದ್ರು ಅನ್ನೋದೂ ಸೇರಿ ಹೋಗತ್ತೆ. ಕೇಳಿದ್ದೆಲ್ಲ ದಾಟಿಸಬೇಕು ಅನ್ನೋದು ಅವರ ಕೆಲಸದ ನಿಯಮ. ಹಿಂದೆ ಕೂತ ಸಹೋದ್ಯೋಗಿ "ಯಾರದು, ಕೆಪ್ಪನಾ?" ಅಂದ್ರೂ ಅಷ್ಟೇ.

ಆ ಪದದ ಬಗ್ಗೆ ಒಂದು ಮಾತು. ಕೆಪ್ಪ, ಕೆಪ್ಪ ಮಾಣಿ, ಮೂಗಿ ಅಂತ ನಮ್ಮ ಹಳ್ಳೀಲಿ ಇಡೀ ಜನ್ಮ ಹೆಸರಿನ ಬದಲು ಇದನ್ನೇ ಕರೆಸಿಕೊಂಡವರು ಇದಾರೆ. ಮೂಗರು ಅನ್ನೋದಂತೂ ಸುಳ್ಳೂ ಹೌದು, ಅವರಿಗೆ ಭಾಷೆ ಇದೆ, ಕೈಯಲ್ಲಿದೆ. ಕಿವಿ ಕೇಳದವರು, ಕಿವುಡರು, ಡೆಫ್, ಯಾವುದಾದ್ರೂ ಆಗತ್ತೆ, ಅವರೇ ಏನು ಅಂತಾರೋ ಅದು ಎಲ್ಲಕ್ಕಿಂತ ಒಳ್ಳೇದು. ಕಿವುಡನ ಮುಂದೆ ಕಿನ್ನರಿ ಅನ್ನೋ ಗಾದೇನೂ ಕೆಲಸದ ಜಾಗದಲ್ಲಿ ಬಾಯಿಗೆ ಬರೋ ಮೊದಲು ನುಂಗಿಬಿಡಿ.

ಕಾಯೋದು ಕಲೀಬೇಕು

ಅಮೆರಿಕದ ನಿಯಮದಲ್ಲಿ ಟೈಪ್ ಮಾಡೋ ಆಪರೇಟರ್ ನಿಮಿಷಕ್ಕೆ ಕನಿಷ್ಠ 60 ಪದ ಹೊಡೀಬೇಕು ಅಂತಿದೆ. ನಾವು ಮಾಮೂಲಾಗಿ ಮಾತಾಡೋದು ಅದರ ಎರಡು ಪಟ್ಟಿಗಿಂತ ಜಾಸ್ತಿ ಸ್ಪೀಡಲ್ಲಿ. ಹಾಗಾಗಿ ನಡುವೆ ಖಾಲಿ ಬಿದ್ದೇ ಬೀಳತ್ತೆ. ಆ ಖಾಲೀಲಿ ಹಲೋ ಹಲೋ ಕೇಳ್ತಿದ್ಯಾ ಅಂತ ಕೂಗಬೇಡಿ, ಅದನ್ನೂ ಟೈಪ್ ಮಾಡಬೇಕಾಗತ್ತೆ ಅವರು, ಇನ್ನೂ ತಡ ಆಗತ್ತೆ. ಹಳೇ ಟೈಪ್ ಯಂತ್ರದ ರಿಲೇಲಿ ನನ್ನ ಮಾತು ಮುಗೀತು, ಈಗ ನೀವು ಅನ್ನೋದಕ್ಕೆ ಜಿಎ ಅಂತ ಎರಡು ಅಕ್ಷರ ಹೊಡೀತಿದ್ರು, ಆಪರೇಟರ್ ಅದನ್ನ ಬಾಯಲ್ಲಿ "ಗೋ ಅಹೆಡ್" ಅಂತ ಹೇಳ್ತಾರೆ. ಆ ಪದ ಕಿವಿಗೆ ಬಿದ್ರೆ ಪಾಳಿ ನಿಮ್ದು ಅಂತ ಅರ್ಥ, ನಿಮ್ಮ ಮಾತು ಮುಗಿದ್ಮೇಲೆ ನೀವೂ ಹಾಗೇ ಅನ್ನಿ. ವಿಡಿಯೊ ರಿಲೇಲಿ ಇದು ಬೇಕಿಲ್ಲ, ಅಲ್ಲಿ ಹೆಚ್ಚುಕಮ್ಮಿ ಮಾತಿನ ವೇಗದಲ್ಲೇ ನಡೆಯತ್ತೆ, ಆದ್ರೂ ಒಂದೆರಡು ಸೆಕೆಂಡ್ ಹಿಂದೆ ಇರತ್ತೆ.

ಜೋರಾಗಿ ಕಿರುಚಬೇಡಿ. ಕಿರುಚಿದ್ರೆ ಕಿವಿ ನೋಯೋದು ಇಂಟರ್ಪ್ರಿಟರಿಗೆ.

ಊರಿನ ಹೆಸರು, ನಂಬರು, ತಾರೀಕು, ಇವು ಮೂರಕ್ಕೆ ಸಮಯ ಕೊಡಿ. ದೇವಿಮನೆ, ಸಹಸ್ರಲಿಂಗ, ಹುಲೇಕಲ್ ಇವೆಲ್ಲ ಬೇರೆ ದೇಶದ ಇಂಟರ್ಪ್ರಿಟರ್ ಜನ್ಮದಲ್ಲಿ ಕೇಳಿರೋದಿಲ್ಲ, ಅವರು ಒಂದೊಂದೇ ಅಕ್ಷರ ಬೆರಳಲ್ಲಿ ತೋರಿಸಬೇಕು, ಅಮೆರಿಕದವರು ಒಂದೇ ಕೈಯಲ್ಲಿ ಅಕ್ಷರ ತೋರಿಸ್ತಾರೆ, ನಮ್ಮ ಭಾರತೀಯ ಸಂಜ್ಞೆಯವರು ಎರಡೂ ಕೈ ಬಳಸ್ತಾರೆ, ನಾನು ಜಗಲೀಲಿ ನೋಡುವಾಗ ಯಾಣ ಅಂತ ನಾಲ್ಕು ಬೆರಳ ಆಕಾರದಲ್ಲಿ ಫಟ್ ಅಂತ ಬಂದುಹೋಯ್ತು. ನೀವು ಇಂಗ್ಲಿಷ್ ಸ್ಪೆಲ್ಲಿಂಗ್ ಬಿಡಿಬಿಡಿಯಾಗಿ ಹೇಳಿದ್ರೆ ಅವರಿಗೆ ಪುಣ್ಯ. ಇನ್ನು ತಾರೀಕು, ಅಮೆರಿಕದವರು ತಿಂಗಳು ಮೊದಲು ಬರೀತಾರೆ, ನೀವು 5/12 ಅಂದ್ರೆ ಅವರು ಮೇ ಹನ್ನೆರಡು ಅಂದ್ಕೊಳ್ತಾರೆ, ಡಿಸೆಂಬರ್ ಐದು ಅಂತ ತಿಂಗಳ ಹೆಸರೇ ಹೇಳಿ. ಕೊನೇಗೆ ಎಲ್ಲಾ ವಿವರ ಮೆಸೇಜಲ್ಲೋ ಮೇಲಲ್ಲೋ ಒಂದು ಸಲ ಕಳಿಸಿಬಿಟ್ರೆ ಎರಡೂ ಕಡೆ ನೆಮ್ಮದಿ.

ಗದ್ದಲ ಕಮ್ಮಿ ಮಾಡಿ, ಮಿಕ್ಸಿ ನಿಲ್ಲಿಸಿ, ಟಿವಿ ಆಫ್ ಮಾಡಿ, ಸ್ಪೀಕರಲ್ಲಿ ಹಾಕ್ಕೊಂಡು ದೂರ ನಿಂತು ಮಾತಾಡ್ಬೇಡಿ. ಎರಡು ವರ್ಷಕ್ಕೊಮ್ಮೆ ನಮ್ಮ ಮಾರಿಕಾಂಬೆ ಜಾತ್ರೆ ನಡೆಯೋ ಒಂಬತ್ತು ದಿನ ಪೇಟೇಲಿ ನಿಂತು ಫೋನಲ್ಲಿ ಮಾತಾಡೋದು ಕಿವಿ ಚೆನ್ನಾಗಿರೋರಿಗೇ ಕಷ್ಟ, ಮಾತನ್ನ ಅಕ್ಷರ ಮಾಡೋ ತಂತ್ರಾಂಶಕ್ಕಂತೂ ಎಲ್ಲಾ ಕಲಸುಮೇಲೋಗರ. ಇನ್ನು ಕಾಲ್ ಹಿಂದಿ ಅಥವಾ ಇಂಗ್ಲಿಷಲ್ಲೇ ಬರೋ ಸಾಧ್ಯತೆ ಜಾಸ್ತಿ, ನಿಮಗೆ ಬರ್ದಿದ್ರೆ ನಾಚ್ಕೊಂಡು ಫೋನ್ ಇಡಬೇಡಿ, ನಿಧಾನ ಹೇಳಿ ಅನ್ನಿ, ಇಲ್ಲಾ ಮನೇಲಿ ಬರೋರನ್ನ ಕರೀರಿ.

ಬ್ಯಾಂಕು, ಆಸ್ಪತ್ರೆ, ಗುಟ್ಟಿನ ವಿಷಯ

"ಮೂರನೇಯವರ ಎದುರು ನಾವು ಅಕೌಂಟ್ ವಿಷಯ ಮಾತಾಡಲ್ಲ" ಅಂತ ಫೋನ್ ಇಡೋದು ಎಲ್ಲಾ ಕಡೆ ಕೇಳಿಬರೋ ದೂರು. ಯೋಚನೆ ಮಾಡಿ, ಗುಟ್ಟು ಯಾರದ್ದು? ಅಕೌಂಟ್ ಅವರದ್ದು, ರೋಗ ಅವರದ್ದು, ರಿಲೇ ಆರಿಸಿಕೊಂಡಿದ್ದೂ ಅವರೇ. ಅಮೆರಿಕದಲ್ಲಿ ಆಪರೇಟರ್ ಕಾಲಲ್ಲಿ ಕೇಳಿದ್ದನ್ನ ಹೊರಗೆ ಹೇಳೋ ಹಾಗಿಲ್ಲ, ಕಾಲ್ ಮುಗಿದ್ಮೇಲೆ ಏನನ್ನೂ ಇಟ್ಕೊಳ್ಳೋ ಹಾಗಿಲ್ಲ ಅಂತ ನಿಯಮವೇ ಇದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 13ನೇ ಕಲಮು ತಮ್ಮ ಹಣಕಾಸು ತಾವೇ ನೋಡ್ಕೊಳ್ಳೋ ಹಕ್ಕು, ಬ್ಯಾಂಕ್ ಸಾಲ ಪಡೆಯೋ ಹಕ್ಕು ಬೇರೆಯವರಷ್ಟೇ ಇವರಿಗೂ ಇದೆ ಅನ್ನತ್ತೆ. 2025ರ ಏಪ್ರಿಲ್ 30ಕ್ಕೆ ಸುಪ್ರೀಂ ಕೋರ್ಟು ಡಿಜಿಟಲ್ ಸೇವೆ ಕೈಗೆ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಅಂತ ತೀರ್ಪು ಕೊಟ್ಟಿದೆ. ಬ್ಯಾಂಕು, ಸೊಸೈಟೀಲಿ ಕೂತವರು ಇದನ್ನ ತಿಳ್ಕೊಂಡಿರಬೇಕು.

ಹಂಗಂತ ಎಚ್ಚರ ಬಿಡಿ ಅಂತಲ್ಲ. ಹುಟ್ಟಿದ ತಾರೀಕು, ಅಕೌಂಟಿನ ಕೊನೇ ನಾಲ್ಕಂಕಿ, ಬೇರೆಯವರಿಗೆ ಏನು ಕೇಳ್ತೀರೋ ಅದನ್ನೇ ಕೇಳಿ. ಓಟಿಪಿ ಮಾತ್ರ ಫೋನಲ್ಲಿ ಯಾರ ಹತ್ರವೂ ಕೇಳಬಾರದು, ಇವರ ಹತ್ರವೂ ಬೇಡ. "ನಿಮ್ಮ ಧ್ವನೀಲಿ ಒಂದು ಸಲ ಹೌದು ಅನ್ನಿ" ಅಂತ ಕೆಲವರು ಪಟ್ಟು ಹಿಡೀತಾರೆ, ಮಾತಾಡದವರ ಹತ್ರ ಧ್ವನಿ ಕೇಳೋದು ಕ್ರೂರ ಅನ್ಸತ್ತೆ ನನಗೆ, ಬದಲಿಗೆ ಮೆಸೇಜಿಂದ, ಮೇಲಿಂದ, ವಿಡಿಯೊದಿಂದ ಒಪ್ಪಿಗೆ ತಗೊಳ್ಳೋ ದಾರಿ ಇಟ್ಕೊಳ್ಳಿ. 2023ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಡೆಫ್ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟಿಗೆ ಆನ್‌ಲೈನಲ್ಲಿ ಹಾಜರಾದಾಗ ಅವರ ಇಂಟರ್ಪ್ರಿಟರಿಗೂ ಪರದೇಲಿ ಜಾಗ ಕೊಡೋಕೆ ಮೊದಲು ಒಪ್ಪಿರಲಿಲ್ಲ, ಆಮೇಲೆ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವಕಾಶ ಕೊಟ್ರು. ಅಷ್ಟು ದೊಡ್ಡ ಕೋರ್ಟಲ್ಲೇ ಇಂಟರ್ಪ್ರಿಟರಿಗೆ ಜಾಗ ಆಯ್ತು, ನಮ್ಮ ಕೌಂಟರಿನ ಫೋನಲ್ಲಿ ಆಗದೇ ಇರೋಕೆ ಕಾರಣ ಇಲ್ಲ.

ರಿಲೇ ಇಲ್ಲದ ನಮ್ಮೂರಲ್ಲಿ ರಿಲೇ ಯಾರು

ನಮ್ಮ ಜಿಲ್ಲೇಲಿ ಇವತ್ತಿಗೂ ಹೆಚ್ಚಿನ ರಿಲೇ ಕೆಲಸ ಮಾಡೋದು ಮನೆ ಮಕ್ಕಳು. ನಮ್ಮನೆಗೆ ಅಡಕೆ ಸುಲಿಯೋಕೆ ಬರೋ ಅಕ್ಕ ಒಬ್ಬರಿದ್ದಾರೆ, ಚಿಕ್ಕಂದಿನಿಂದ ಕಿವಿ ಕೇಳ್ಸಲ್ಲ, ಮಗಳು ಎಂಟನೇ ಕ್ಲಾಸು. ಗ್ಯಾಸಿನವರ ಫೋನು, ರೇಷನ್ನು, ಸಂಘದ ಸಾಲದ ಕಂತು, ಎಲ್ಲದಕ್ಕೂ ಆ ಹುಡುಗಿಯೇ ಮಾತಾಡೋದು. ಹೋದ ವರ್ಷ ಅಕ್ಕನಿಗೆ ಹೊಟ್ಟೆ ಸ್ಕ್ಯಾನ್ ಆಗಿತ್ತು, ರಿಪೋರ್ಟ್ ಕೇಳೋಕೆ ಮಗಳು ನಮ್ಮ ಜಗಲಿಯಿಂದಲೇ ಫೋನ್ ಮಾಡಿದ್ಲು, ಯಾವ ಆಸ್ಪತ್ರೆ ಅಂತ ಹೇಳಲ್ಲ. ಆ ಕಡೆಯವರು ಹುಡುಗಿ ಅಂತಲೂ ನೋಡದೆ ಗಡ್ಡೆ ಇದೆ, ದೊಡ್ಡ ಆಸ್ಪತ್ರೆಗೆ ಕರ್ಕೊಂಡ್ ಹೋಗೋಕೆ ಅಪ್ಪನಿಗೆ ಹೇಳು, ಅಮ್ಮನಿಗೆ ಈಗ್ಲೇ ಹೇಳ್ಬೇಡ ಅಂದ್ರಂತೆ. ಅಮ್ಮ ಎದುರಿಗೇ ಮೆಟ್ಟುಗತ್ತಿ ಮೇಲೆ ಕೂತು ಮಗಳ ಮುಖವನ್ನೇ ನೋಡ್ತಾ ಇದ್ರು. ಹುಡುಗಿ ಫೋನ್ ಇಟ್ಟು ಏನೂ ಇಲ್ಲ ಅಂತ ಕೈ ಆಡಿಸಿದ್ಲು. ಅಮ್ಮನಿಗೆ ಗೊತ್ತಾಗ್ದೇ ಇರತ್ತಾ, ಇಡೀ ಜೀವನ ಮುಖ ಓದಿಯೇ ಬದುಕಿದವರಿಗೆ. (ಗಡ್ಡೆ ಅಪಾಯದ್ದಲ್ಲ ಅಂತ ಆಮೇಲೆ ಗೊತ್ತಾಯ್ತು, ಅಕ್ಕ ಈಗ ಹುಷಾರಾಗಿದಾರೆ.)

ಹಾಗಾಗಿ ಮನೆಯವರ ಮೂಲಕ ಫೋನ್ ಬಂದಾಗಲೂ ಅದೇ ಕ್ರಮ. "ಅಮ್ಮ ಪಕ್ಕದಲ್ಲಿ ಇದಾರಾ? ಸ್ಪೀಕರ್ ಬೇಡ, ನಾನು ಹೇಳಿದ್ದನ್ನ ಒಂದೊಂದಾಗಿ ಅವರಿಗೆ ತಿಳಿಸು" ಅಂತ ಮಗುವಿಗೆ ಹೇಳಿ, ಆಮೇಲೆ ಅಮ್ಮನ ಜೊತೆ ಮಾತಾಡೋ ಹಾಗೇ ಮಾತಾಡಿ, ನಿಮಗೆ ನೋವು ಎಲ್ಲಿದೆ, ನಿಮಗೆ ಯಾವಾಗ ಬರೋಕಾಗತ್ತೆ ಅಂತ. ಅಪಾಯಿಂಟ್‌ಮೆಂಟ್, ಗ್ಯಾಸು, ಬಸ್ ಟೈಮ್ ಇಷ್ಟಕ್ಕೆ ಮಕ್ಕಳ ಮೂಲಕ ಅಡ್ಡಿಲ್ಲ. ರೋಗದ ವಿಷಯ, ಸಾಲದ ವಿಷಯ ಮಗುವಿನ ಬಾಯಿಂದ ಹೇಳಿಸ್ಬೇಡಿ, ಬರ್ರಿ ಅಂತ ಕರೆಸಿ ಎದುರಿಗೆ ಕೂರಿಸಿ ಬರೆದು ತೋರಿಸಿ, ಇಲ್ಲಾ ದೊಡ್ಡವರೊಬ್ಬರು ಸಂಜ್ಞೆ ಗೊತ್ತಿರೋರನ್ನ ಕರೆಸಿ. ಫೋನಲ್ಲಿ ಮಾತನ್ನ ಅಕ್ಷರ ಮಾಡೋ ಗೂಗಲ್ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಕನ್ನಡಕ್ಕೂ ಇದೆ, ಕೌಂಟರಿನ ಎದುರು ಇಟ್ಟು ನಿಧಾನ ಮಾತಾಡಿದ್ರೆ ಸುಮಾರಾಗಿ ಕೆಲಸಕ್ಕೆ ಬರತ್ತೆ, ಆದ್ರೆ ನಮ್ಮ ಹವ್ಯಕ ಮಾತು, ಕರಾವಳಿ ಕೊಂಕಣಿ ಮಿಶ್ರಣ ಅದಕ್ಕೆ ಅರ್ಥ ಆಗಲ್ಲ, ಪುಸ್ತಕದ ಕನ್ನಡ ಮಾತಾಡಬೇಕು.

ಅವರು ವಾಟ್ಸಾಪಲ್ಲಿ ಬರೆದ ಕನ್ನಡ ನೋಡಿ ನಗಬೇಡಿ. "ಡಾಕ್ಟರ್ ನಾಳೆ ಇಲ್ಲ ಇದೆ?" ಅಂತ ಬರೀಬಹುದು. ಸಂಜ್ಞಾ ಭಾಷೆಗೆ ಅದರದ್ದೇ ವ್ಯಾಕರಣ ಇದೆ, ಕನ್ನಡ ಅವರು ಕಿವೀಲಿ ಕೇಳಿ ಕಲಿತದ್ದಲ್ಲ, ಎರಡನೇ ಭಾಷೆ. ಪ್ರಶ್ನೆ ಅರ್ಥ ಆಯ್ತಲ್ವಾ, ಉತ್ತರ ಸಣ್ಣ ವಾಕ್ಯದಲ್ಲಿ ಕೊಡಿ, "ನಾಳೆ ಡಾಕ್ಟರ್ ಇದಾರೆ. ಬೆಳಿಗ್ಗೆ 10ಕ್ಕೆ ಬನ್ನಿ." ಸಾಕು.

ನೀವು ತಿರುಗಿ ಫೋನ್ ಮಾಡೋದಿದ್ರೆ

ಎಲ್ಲರ ಹೆಸರಿನ ಮುಂದೆ ನಂಬರ್ ಬರ್ಕೊಳ್ಳೋ ಹಾಗೆ ಇವರ ಹೆಸರಿನ ಮುಂದೆ ಹೇಗೆ ಸಂಪರ್ಕಿಸಬೇಕು ಅಂತಲೂ ಬರ್ಕೊಳ್ಳಿ, ಮೆಸೇಜ್ ಮಾತ್ರ, ವಿಡಿಯೊ ಕಾಲ್, ರಿಲೇ ನಂಬರ್, ಹೀಗೆ. ಮುಂದಿನ ಸಲ ಬೇರೆ ಸ್ಟಾಫ್ ಎತ್ತಿದ್ರೂ ಅವರು ಮತ್ತೆ ಮೊದಲಿಂದ ತನ್ನ ಕಥೆ ಹೇಳೋದು ತಪ್ಪತ್ತೆ. ಪಾರ್ಸೆಲ್ ತರೋ ಹುಡುಗರು ಐದು ಸಲ ಕಾಲ್ ಮಾಡಿ ಎತ್ತಲ್ಲ ಅಂತ ವಾಪಸ್ ಹೋಗಿಬಿಡ್ತಾರೆ, ಒಂದು ಮೆಸೇಜ್ ಹಾಕಿದ್ರೆ ಮುಗೀತಿತ್ತು. ದೊಡ್ಡ ಆಫೀಸಿನವರಿಗೆ ಇನ್ನೊಂದು, ಕನ್ನಡಕ್ಕಾಗಿ ಒಂದನ್ನು ಒತ್ತಿ ಅನ್ನೋ ರೆಕಾರ್ಡು ರಿಲೇಯವರಿಗೆ ದೊಡ್ಡ ತಲೆನೋವು, ಆಪರೇಟರ್ ಅದನ್ನ ದಾಟಿಸಿ ಅವರು ಆಯ್ಕೆ ಮಾಡೋ ಹೊತ್ತಿಗೆ ಲೈನ್ ಕಟ್ ಆಗಿರತ್ತೆ. ನೇರ ಮನುಷ್ಯರು ಎತ್ತೋ ಒಂದು ನಂಬರು, ಒಂದು ವಾಟ್ಸಾಪ್ ನಂಬರು ಬೋರ್ಡ್ ಮೇಲೆ ಹಾಕಿ.

ಮಳೆಗಾಲದ ಮಾತು

ಇದು ನಮ್ಮ ಜಿಲ್ಲೆಗೆ ಬೇಕೇ ಬೇಕು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಇಡೀ ಕರಾವಳಿ ಫೋನ್ ಹಿಡ್ಕೊಂಡೇ ಕೂತಿತ್ತು, ದಾರಿ ಇದ್ಯಾ, ನಮ್ಮವರು ದಾಟಿದ್ರಾ ಅಂತ. ಆ ಹೊತ್ತಲ್ಲಿ ಕಿವಿ ಕೇಳದವರಿಗೆ ಮೈಕಿನ ಅನೌನ್ಸೂ ಇಲ್ಲ, ಫೋನೂ ಇಲ್ಲ. 112 ಇಂಡಿಯಾ ಆ್ಯಪಲ್ಲಿ ಒಂದು ಬಟನ್ ಒತ್ತಿದ್ರೆ ಜಾಗ ಸಮೇತ ಸುದ್ದಿ ಹೋಗತ್ತೆ, ಅದನ್ನ ಅವರ ಫೋನಲ್ಲಿ ಮೊದಲೇ ಹಾಕಿ ತೋರಿಸಿಕೊಡಿ, ನಮ್ಮ ಘಟ್ಟದಲ್ಲಿ ನೆಟ್‌ವರ್ಕ್ ಗುಡ್ಡ ಹತ್ತಿದ್ರೆ ಮಾತ್ರ ಸಿಗೋದು ಅನ್ನೋದು ಬೇರೆ ವಿಷಯ, ಅದಕ್ಕೇ ಪಕ್ಕದ ಮನೆಯವರು ಒಬ್ಬರು ಜವಾಬ್ದಾರಿ ತಗೊಂಡಿರಬೇಕು. ಹೋಂಸ್ಟೇಲಿ ಡೆಫ್ ಗೆಸ್ಟ್ ಇದ್ರೆ ಬಾಗಿಲು ಬಡಿದು ಪ್ರಯೋಜನ ಇಲ್ಲ, ಮೊದಲ ದಿನವೇ ಕೇಳಿಟ್ಕೊಳ್ಳಿ, ರಾತ್ರಿ ಏನಾದ್ರೂ ಆದ್ರೆ ಲೈಟ್ ಆನ್ ಆಫ್ ಮಾಡ್ಲಾ, ಒಳಗೆ ಬಂದು ಮುಟ್ಟಿ ಎಬ್ಬಿಸ್ಲಾ ಅಂತ. ನಮ್ಮ ಆ ಅಮೆರಿಕದ ಗೆಸ್ಟು ಕಿಟಕಿಯಿಂದ ಟಾರ್ಚ್ ಬಿಡಿ ಅಂದಿದ್ರು.

ಸುಲಿಯೋಕೆ ಬರೋ ಅಕ್ಕನ ಫೋನನ್ನ ಮಗಳು ವೈಬ್ರೇಷನ್ ಪೂರ್ತಿ ಜಾಸ್ತಿ ಮಾಡಿ ದಿಂಬಿನ ಕೆಳಗೆ ಇಡೋದು ಕಲಿಸಿದಾಳೆ. ಮಳೆ ಜೋರಾದ ರಾತ್ರಿ ಹಳ್ಳದ ನೀರು ಎಲ್ಲಿವರೆಗೆ ಬಂದಿದೆ ಅಂತ ನಾನು ಸಣ್ಣ ಕನ್ನಡದಲ್ಲಿ ಮೆಸೇಜ್ ಹಾಕ್ತೀನಿ, ಅಕ್ಕನ ಹೆಸರಿಗೇ ಹಾಕ್ತೀನಿ, ಮಗಳಿಗಲ್ಲ, ಆಮೇಲೆ ಆ ಕಡೆಯಿಂದ ಒಂದು ಹೆಬ್ಬೆಟ್ಟು ಬರೋವರೆಗೂ ಫೋನ್ ಕೆಳಗಿಡಲ್ಲ.